ಎರಡನೇ ಬ್ರೇಕು

ಮಾರಿದೆ. ದುರ್ಗಿಗುಡಿಯ ಮೂವತ್ತು-ನಲವತ್ತರ ಸೈಟು,
ಮುಂದಿನ ಶೆಡ್ಡು, ನೆಲದಲ್ಲಿ ಸುಣ್ಣದಿಂದ ಬರೆದ ಎಂಟರ ಗುರುತು.
ಕೊಂಡವರು ಬೋರ್ಡನ್ನು ಮಾತ್ರ ಬಿಚ್ಚಿ ಕೊಟ್ಟರು:
ಚೂಡಾಮಣಿ ಮೋಟಾರ್ ಡ್ರೈವಿಂಗ್ ಸ್ಕೂಲ್
ಮಹಿಳೆಯರಿಗೆ ಮಹಿಳೆಯರಿಂದ.

ಇಪ್ಪತ್ತಾರು ವರ್ಷ ಎಡಗಡೆ ಸೀಟಿನಲ್ಲಿ ಕೂತವಳು ನಾನು.
ನನ್ನ ಕಾಲಡಿ ಇನ್ನೊಂದು ಬ್ರೇಕು,
ಆಟೋ ಕಾಂಪ್ಲೆಕ್ಸಿನ ಬಾಬಾಜಾನ್ ಬೆಸುಗೆ ಹಾಕಿ ಕೊಟ್ಟದ್ದು.
ಈ ಊರಿನ ಅರ್ಧ ಹೆಂಗಸರ ತಪ್ಪುಗಳನ್ನು
ಹೆಬ್ಬೆರಳಲ್ಲಿ ತಡೆದಿದ್ದೇನೆ: ಟೀಚರುಗಳು, ನರ್ಸುಗಳು,
ಗೋಪಿ ಸರ್ಕಲ್ಲಿನಲ್ಲಿ ಗಟ್ಟಿಯಾಗಿ ಕಣ್ಣು ಮುಚ್ಚಿದ ಒಬ್ಬ ಜಡ್ಜರ ಹೆಂಡತಿ.
ಗೊತ್ತಾಗದಂತೆ ಒತ್ತುವುದೇ ವಿದ್ಯೆ.
'ನೋಡಿ, ಎಷ್ಟು ಚೆನ್ನಾಗಿ ನಿಲ್ಲಿಸಿದಿರಿ' ಅನ್ನುವುದಕ್ಕೇ ಫೀಸು.

ಅರವತ್ತರೊಳಗೆ ಒಂದು ಸಲ ಜೋರಾಗಿ ಹೋಗಬೇಕು.
ಅಷ್ಟೇ ಆಸೆ. ಊರು ನಕ್ಕಿತು. ನಗಲಿ.

ಎರಡು ಪೋರ್ಷೆ. ಒಂದು ತೊಂಬತ್ತಾರರದ್ದು,
ಕೊಪ್ಪದ ಎಲಿಯಾಸ್ ಮೆಂಡೋನ್ಸಾ ತಾವೇ ಓಡಿಸಿಕೊಂಡು ಬಂದರು,
ಸೀಟಿನಲ್ಲಿ ಇನ್ನೂ ಕಾಫಿ ಗೋಣಿಯ ವಾಸನೆ.
ಇನ್ನೊಂದು ಹೋದ ವರ್ಷದ್ದು. ನಿಹಾಲ್ ಎಂಬ ಹುಡುಗ
ಲಾರಿಯ ಮೇಲೆ ತಂದು, ಕೈಗವಸು ಹಾಕಿಕೊಂಡು ಇಳಿಸಿದ.
ಬೆಲೆ ಹೆಚ್ಚುಕಡಿಮೆ ಒಂದೇ.
ಅದೇ ತೊಂದರೆ.

ಹೊಸದು ಮೊದಲು.
ಗಾಜನೂರು ದಾಟಿ ಕಾಲೂರಿದೆ. ಬೆನ್ನು ಸೀಟಿಗೆ ಅಂಟಿತು,
ಹೊಟ್ಟೆ ಹಿಂದಿನ ಮೈಲಿಗಲ್ಲಿನ ಹತ್ತಿರವೇ ಉಳಿಯಿತು.
ತಿರುವಿಗೆ ಬೇಕೆಂದೇ ಜಾಸ್ತಿ ವೇಗದಲ್ಲಿ ನುಗ್ಗಿದೆ,
ಮೊದಲ ವಾರದ ಶಿಷ್ಯೆಯ ಹಾಗೆ.
ಏನೂ ಆಗಲಿಲ್ಲ.
ಎಲ್ಲೋ ಒಂದು ಚಕ್ರವನ್ನು ಯಾರೋ ಚೂರು ಹಿಡಿದರು, ಬಿಟ್ಟರು.
ಹಂಪು ಬಂದರೆ ಗುಂಡಿಯೊತ್ತಿದರಾಯಿತು,
ನೀರಿನಿಂದ ಎಮ್ಮೆ ಎತ್ತಿದ ಹಾಗೆ ಮೂತಿ ಎತ್ತುತ್ತದೆ.
'ನೋಡಿ ಮೇಡಂ, ಎಷ್ಟು ಚೆನ್ನಾಗಿ ಓಡಿಸಿದಿರಿ' ಅಂದ ನಿಹಾಲ್.
ಆ ದನಿ ನನಗೆ ಗೊತ್ತು.
ನನ್ನದೇ.

ಹಳೆಯದಕ್ಕೆ ಬಾಬಾಜಾನ್ ಜೊತೆಗೆ ಬಂದ.
ಅವನ ಹುಡುಗ ಬಾನೆಟ್ ಎತ್ತಿ ಹೌಹಾರಿದ:
'ಮಿಸ್, ಇದಕ್ಕೆ ಎಂಜಿನ್ನೇ ಇಲ್ಲ!'
ಹಿಂದಿತ್ತು. ನೀರು ಕೇಳದೆ ಗಾಳಿಗೇ ತಣಿಯುವಂಥದ್ದು.
ಕ್ಲಚ್ಚು ಏತ ತುಳಿದ ಹಾಗೆ. ಏಸಿ ಇದೆ ಅಂತಾರೆ.
ಸ್ಟೀರಿಂಗು ಒಂದು ಗಳಿಗೆ ಸುಮ್ಮನಿರುವುದಿಲ್ಲ,
ಡಾಂಬರಿನ ತೇಪೆ, ಮೋರಿಯ ಏರು, ಒದ್ದೆ ಎಲೆ
ಎಲ್ಲದರ ಚಾಡಿಯನ್ನೂ ಅಂಗೈಗೆ ತಂದು ಹೇಳುತ್ತದೆ.

ಸಕ್ರೆಬೈಲಿನ ಹತ್ತಿರ ಅದೇ ತಿರುವು, ಅಷ್ಟೇ ಜಾಸ್ತಿ.
ಹಿಂಭಾಗ ಜಾರಿತು.
ಎಡಗಡೆ ಕೂತ ಬಾಬಾಜಾನ್
ತಾನೇ ಬೆಸೆದ, ಇಲ್ಲಿ ಇಲ್ಲದ ಆ ಬ್ರೇಕನ್ನು
ಎರಡೂ ಕಾಲಲ್ಲಿ ತುಳಿದ.
ಕಾಲು ತೆಗೆದರೆ ಕೆಟ್ಟಿರಿ ಎಂದಿದ್ದರು ಮೆಂಡೋನ್ಸಾ.
ತೆಗೆಯಲಿಲ್ಲ.
ರಸ್ತೆ ಒಂದಿಷ್ಟು ಹೊತ್ತು ಎಲ್ಲೋ ಹೋಗಿತ್ತು, ಆಮೇಲೆ ಬಂತು.
ಬಾಯಲ್ಲಿ ತಾಮ್ರದ ರುಚಿ.

ಮಂಡಗದ್ದೆಯ ಹಂಪಿಗೆ ಹೊಟ್ಟೆ ಗೀರಿತು,
ತುರಿಮಣೆಗೆ ಚಿಪ್ಪು ಸಿಕ್ಕ ಸದ್ದು.
ನನ್ನ ತಪ್ಪು. ಪೂರ್ತಿ ನನ್ನದು.
ಹೀಗೆ ಇಡಿಯಾಗಿ ಒಂದು ತಪ್ಪು ಕೈಗೆ ಸಿಕ್ಕಿ
ಎಷ್ಟು ಕಾಲವಾಗಿತ್ತೋ.

ಮೆಂಡೋನ್ಸಾ ಮಂಡಿಯೂರಿ ಬಗ್ಗಿ ನೋಡಿದರು.
'ಇದು ಮೊದಲೇ ಇತ್ತಾ?'
ಇಲ್ಲ, ಈಗ ನಾನು ಮಾಡಿದ್ದು ಅಂದೆ.
ಅಲ್ಲಿಗೆ ವ್ಯಾಪಾರ ಮುಗಿಯಿತು.

'ಮಳೆಗಾಲಕ್ಕೆ ಹೊಸದೇ ಸರಿಯಿತ್ತು ಮಿಸ್' ಅಂದ ಬಾಬಾಜಾನ್,
ವಾಪಸು ಬರುವಾಗ, ಬಾಗಿಲಿನ ಹಿಡಿ ಬಿಡದೆ.
ನಿಜ. ಶಿಷ್ಯೆಯರು ಯಾರೇ ಕೇಳಿದರೂ
ನಾನೂ ಅದನ್ನೇ ಹೇಳುತ್ತಿದ್ದೆ.

ಹಳೆಯದು ರಾತ್ರಿ ಎಣ್ಣೆ ಸೋರುತ್ತದೆ.
ನೆಲ ಹಾಳಾಗದಿರಲೆಂದು ಬೋರ್ಡನ್ನೇ ಅಡಿಗೆ ಹಾಸಿದ್ದೇನೆ.
ಬೆಳಿಗ್ಗೆ ಟಾರ್ಚು ಹಿಡಿದು ನೋಡಿದರೆ
'ಮಹಿಳೆಯರಿಂದ' ಎಂಬಲ್ಲಿ, ರ ಅಕ್ಷರದ ಮೇಲೆ,
ಮೂರು ಹನಿ.