ಮೂರಡಿ ಜಾಗ

ನಮ್ಮ ಹಿತ್ತಿಲಿಗೂ ಪಿಳ್ಳಪ್ಪನವರ ಹಿತ್ತಿಲಿಗೂ ನಡುವೆ
ಮೂರಡಿ. ಅದರ ಮೇಲೊಂದು ಸ್ಟೇ ಆರ್ಡರ್.
ಹದಿಮೂರು ವರ್ಷದಿಂದ ಯಾರೂ ಕಾಲಿಟ್ಟಿಲ್ಲ,
ಒಂದು ಲಾರಿ ಟೈರು ಮಾತ್ರ ಬಿದ್ದಿದೆ,
ಅಬ್ಬಿಗೆರೆಯ ಮಳೆಯೆಲ್ಲ ಅದರ ಹೊಟ್ಟೆಯೊಳಗೆ.

ಬೇವಿನೆಣ್ಣೆ ಹಚ್ಚಿದೆವು, ಜಾಲರಿ ಬಡಿದೆವು,
ಸಂಪಿನಲ್ಲಿ ಗಪ್ಪಿ ಮೀನು ಬಿಟ್ಟೆವು;
ಕಾರ್ಪೊರೇಷನ್ನಿನ ಹೊಗೆ ಬೀದಿಯಲ್ಲೇ ಕೆಮ್ಮಿ ಹೋಯಿತು.
ಸೊಳ್ಳೆಗೆ ಖಾತೆ ಬೇಡ, ಕಂದಾಯ ಬೇಡ;
ಅವರ ಮೊಮ್ಮಗಳನ್ನು ಕಚ್ಚಿದ್ದೇ
ನನ್ನ ಕಿವಿಗೆ ಬಂದು ವರದಿ ಒಪ್ಪಿಸುತ್ತದೆ.

ಪ್ಲೇಟ್‌ಲೆಟ್ ನಲವತ್ತು ಸಾವಿರ ಅಂತ
ಗೋಡೆಯಾಚೆ ಫೋನಿನಲ್ಲಿ ಕೇಳಿಸಿದ ರಾತ್ರಿ
ಟಾರ್ಚು ಹಿಡಿದು ಇಳಿದೆ.

ಪಿಳ್ಳಪ್ಪ ಆಗಲೇ ಅಲ್ಲಿದ್ದರು, ಪಂಚೆ ಎತ್ತಿ ಕಟ್ಟಿ,
ಟೈರಿನ ಅಂಚು ಹಿಡಿದು, ಎತ್ತಲಾಗದೆ.
ಇನ್ನೊಂದು ಕಡೆ ನಾನು ಹಿಡಿದೆ.
ನೀರು ಯಾರ ಕಡೆ ಹರಿಯಿತೋ ನೋಡಲಿಲ್ಲ.

"ಸೋಮವಾರ ಅಲ್ವಾ ಕೇಸು" ಅಂದರು.
"ಹೂಂ, ಹನ್ನೊಂದಕ್ಕೆ."