ಲೆಂಡ್, ಬಾರೋ

ಮೂವತ್ತೊಂದು ವರ್ಷ ಹಂಪನಕಟ್ಟೆಯ ಸೊಸೈಟಿಯಲ್ಲಿ
ಸಾಲದ ಕೌಂಟರಿನ ಹಿಂದೆ ಕೂತವನು ನಾನು, ಲಸ್ರಾದೊ.
ಕೊಡುವ ಕಡೆಯ ಕುರ್ಚಿಗೆ ಮೆತ್ತೆ ಇತ್ತು,
ಕೊಳ್ಳುವ ಕಡೆ ಮರದ ಬೆಂಚು.
ನಡುವೆ ಗಾಜು, ಗಾಜಿಗೊಂದು ತೂತು.
ಇಂಗ್ಲಿಷಿನವರ ಎರಡು ಕ್ರಿಯಾಪದಗಳು
ಆ ತೂತಿನ ಆಚೆ ಒಂದು, ಈಚೆ ಒಂದು.

ಈಗ ಭಾನುವಾರ ಮಧ್ಯಾಹ್ನ ಉಚ್ಚಿಲದಲ್ಲಿ
ಬಲೆ ಇಡುವ ಶೆಡ್ಡಿನೊಳಗೆ
ಹನ್ನೊಂದು ಮಕ್ಕಳಿಗೆ ಇದನ್ನೇ ಹೇಳಿಕೊಡುತ್ತೇನೆ.
ಬೋರ್ಡು ಇಲ್ಲ. ಮೀನಿನ ಥರ್ಮಾಕೋಲ್ ಪೆಟ್ಟಿಗೆಯ ಮುಚ್ಚಳಕ್ಕೆ
ಸ್ಕೆಚ್ ಪೆನ್ನು. ಬಂಗುಡೆಯ ವಾಸನೆ
ವ್ಯಾಕರಣಕ್ಕೂ ಹತ್ತಿದೆ.

"ನಮ್ಮಲ್ಲಿ ಒಂದೇ ಮಾತಲ್ಲವಾ ಮಾಷ್ಟ್ರೇ, ಕಡ,"
ಅಂದ ಚರಿತ್ ಪುತ್ರನ್.
"ಕೊಟ್ಟರೂ ಕಡ, ತಂದರೂ ಕಡ.
ಅವರಿಗೆ ಯಾಕೆ ಎರಡು?"
ಹೌದಲ್ಲ.
ಅವನ ಮನೆಗೂ ನೆಬಿಸಾಳ ಮನೆಗೂ ನಡುವೆ
ಒಂದು ಲೋಟ ಸಕ್ಕರೆ ಹತ್ತು ವರ್ಷದಿಂದ
ಹೋಗುತ್ತಾ ಬರುತ್ತಾ ಇದೆ.
ತಾನು ಯಾರದ್ದೆಂದು ಸಕ್ಕರೆಗೇ ಮರೆತಿದೆ.

ಆದರೂ ಪರೀಕ್ಷೆಗೆ ಎರಡು ಬೇಕು.
"ಲೆಂಡ್ ಅಂದರೆ ನನ್ನ ಕೈಯಿಂದ ಹೊರಗೆ," ಅಂದೆ.
"ಬಾರೋ ಅಂದರೆ..."
ಅಷ್ಟರಲ್ಲಿ ನೆಬಿಸಾಳ ಮೊಮ್ಮಗಳು ಮಿಸ್ರಿಯಾ ನಕ್ಕಳು:
"ಬಾರೋ ಅಂದರೆ ಬಾರೋ! ಕರೆಯುವುದು.
ಪೆನ್ನೇ ಬಾರೋ, ಕೊಡೆಯೇ ಬಾರೋ."

ಮೂವತ್ತೊಂದು ವರ್ಷದಲ್ಲಿ ನನಗೆ ಹೊಳೆಯದ್ದು.
ಎಷ್ಟು ಜನ ಆ ತೂತಿಗೆ ಬಾಯಿಟ್ಟು ಕರೆದಿದ್ದರು,
ದೋಣಿಯ ಎಂಜಿನ್ನಿಗೆ, ತಂಗಿಯ ಹೆರಿಗೆಗೆ,
ಬಾರೋ, ಒಮ್ಮೆ ಬಾರೋ ಅಂತ.
ನಾನು ತಲೆಯೆತ್ತದೆ ಹೇಳುತ್ತಿದ್ದೆ:
ಜಾಮೀನಿನವರನ್ನು ಕರಕೊಂಡು ಬನ್ನಿ.

ಒಂದೊಂದು ವಾಕ್ಯ ಬರೆಯಲು ಕೊಟ್ಟೆ.
ತಿದ್ದಲು ಹೊರಟರೆ ನನ್ನ ಕೆಂಪು ಪೆನ್ನು ಒಣಗಿತ್ತು,
ಮಿಸ್ರಿಯಾ ತನ್ನದನ್ನು ಚಾಚಿದಳು.
ಅಣ್ಣ ನನಗೆ ಸೈಕಲ್ ಬಾರೋ ಮಾಡಿದ: ತಪ್ಪು, ಗೆರೆ.
ದೇವರು ಲೆಂಡ್ ಮಾಡಿದ ಹಲ್ಲು ನಿನ್ನೆ ಬಿತ್ತು:
ಸರಿ ಅಂತಲೇ ಹಾಕಿದೆ.
ಆಮೇಲೆ ಅವಳ ಪುಸ್ತಕ:
ಕಡಲು ನಮ್ಮ ಅಡಿಗೆಕೋಣೆಯನ್ನು ಬಾರೋ ಮಾಡಿದೆ.

ಪೆನ್ನು ನಿಂತಿತು.
ಜುಲೈಯಲ್ಲಿ ನಾನೂ ನೋಡಿದ್ದೆ. ಮೊದಲು ತೆಂಗು,
ಆಮೇಲೆ ಒಗೆಯುವ ಕಲ್ಲು, ಸರಕಾರ ತಂದು ಸುರಿದ ಬಂಡೆ.
ಕೊನೆಗೆ ಒಲೆಯ ಮಸಿ ಹಿಡಿದ ಅರ್ಧ ಗೋಡೆ
ಬಯಲಲ್ಲಿ ನಿಂತು ನೀರು ನೋಡುತ್ತಿತ್ತು,
ಅಲ್ಲಿ ಮೊಳೆಗೆ ಇನ್ನೂ ಒಂದು ಸೌಟು.

"ಬಾರೋ ಅಂದರೆ ಮೊದಲು ಕೇಳಬೇಕು ಮಗಾ,
ಆಮೇಲೆ ವಾಪಸು ಕೊಡಬೇಕು. ಇದು ಬರೀ ಟೇಕ್."
"ಕೊಡುತ್ತದೆ ಮಾಷ್ಟ್ರೇ. ನವೆಂಬರಿನಲ್ಲಿ ಮರಳು ಬರುತ್ತದೆ.
ಪ್ರತಿ ವರ್ಷ. ಉಮ್ಮ ಮೆಟ್ಟಿಲು ಎಣಿಸುತ್ತಾಳೆ."
"ಮರಳು ಬಂದೀತು. ಗೋಡೆ?"

ಅವಳು ಸ್ವಲ್ಪ ಹೊತ್ತು ನೆಲ ಕೆರೆದಳು.
"ಗೋಡೆಯೂ ಮರಳೇ ಅಲ್ಲವಾ?
ಉಪ್ಪ ರಾತ್ರಿ ಹೊಳೆಯಿಂದ ದೋಣಿಯಲ್ಲಿ ತಂದದ್ದು.
ಆಗ ಯಾರು ಯಾರನ್ನು ಕೇಳಿದ್ದರು?"

ಶೆಡ್ಡಿನ ತಗಡಿನ ಮೇಲೆ ಕಾಗೆ ನಡೆದಾಡಿತು.
ಸೊಸೈಟಿಯಲ್ಲಾಗಿದ್ದರೆ ಇಂಥ ಕಡತವನ್ನು
ಮ್ಯಾನೇಜರರ ಮೇಜಿಗೆ ದಾಟಿಸುತ್ತಿದ್ದೆ.
ಇಲ್ಲಿ ಮೇಲಿನವರು ಯಾರೂ ಇರಲಿಲ್ಲ.
ಸರಿಯನ್ನೂ ಹಾಕಲಿಲ್ಲ, ತಪ್ಪನ್ನೂ ಹಾಕಲಿಲ್ಲ.
ವಾಕ್ಯದ ಕೊನೆಗೆ ಬಿಟ್ಟುಹೋಗಿದ್ದ ಪೂರ್ಣವಿರಾಮ ಮಾತ್ರ ಇಟ್ಟೆ,
ಅದನ್ನೂ ಮೆಲ್ಲಗೆ.

ತಲಪಾಡಿ ಬಸ್ಸಿನಲ್ಲಿ ವಾಪಸು ಬರುವಾಗ
ಕಡಲು ಅನ್ನುವುದರಲ್ಲಿ ಕಡ ಇದೆಯಲ್ಲ ಅನ್ನಿಸಿತು.
ಪಂಡಿತರು ಒಪ್ಪಲಿಕ್ಕಿಲ್ಲ, ಬೇರೆ ಬೇರೆ ಬೇರು ಅಂದಾರು.
ನೇತ್ರಾವತಿಯ ಸೇತುವೆಯ ಮೇಲೆ ಕಂಡಕ್ಟರನಿಗೆ
ಚಿಲ್ಲರೆ ಹುಡುಕುತ್ತಾ ಕಿಸೆಗೆ ಕೈ ಹಾಕಿದರೆ
ಕೆಂಪು ಪೆನ್ನು.
ಮುಚ್ಚಳದ ತುದಿಯಲ್ಲಿ ಸಣ್ಣ ಹಲ್ಲುಗಳ ಗುರುತು.

ಕೆಳಗೆ ಹೊಳೆ, ಸಂಜೆಯ ಇಳಿತದಲ್ಲಿ,
ಕೋಟೆಪುರದ ಕಡೆಗೆ ತಿರುಗುತ್ತಿತ್ತು.
ಇನ್ನು ಏಳು ದಿನ.