ಸಾವಿರದ ಮೂರು

ಪೈವಳಿಕೆ ಶಾಲೆಯ ಲ್ಯಾಬಿನಲ್ಲಿ ಎಂಟು ಯಂತ್ರ,
ಏಳಕ್ಕೆ ಜೀವ.
ಆಫೀಸಿನ ಸರ್ವರಿನಲ್ಲೊಂದು ಹಂಚಿದ ಫೋಲ್ಡರು:
ಹೆಸರುಗಳೆಲ್ಲ ಕಾಣುತ್ತವೆ, ಒಂದೂ ತೆರೆಯುವುದಿಲ್ಲ.

‘ಎಂತ ಬರ್ದಿದೆ ಟೀಚರೇ?’ ಜುಲೇಖ ಕೇಳುತ್ತಾಳೆ.
ಮಲಯಾಳದಲ್ಲಿದೆ. ಅಕ್ಷರ ಕೂಡಿಸಿ ಓದುತ್ತೇನೆ:
ಅನುಮತಿ ಇಲ್ಲ.
ಲಿಪಿ ಬೇರೆ. ಆದರೂ ಬೇಡವೆನ್ನುವಾಗ
ಎರಡು ಭಾಷೆಗೂ ಒಂದೇ ಬಾಯಿ.

ಕೇಬಲು ಕಿತ್ತು, ಊದಿ, ಸಿಕ್ಕಿಸಿದೆ.
ಪಾಸ್‌ವರ್ಡು ಮೂರು ಸಲ.
ಮೌಂಟು ಕಳಚಿ ಮತ್ತೆ ಕೂಡಿಸಿದೆ.
ಕಡೆಗೆ ಕಪ್ಪು ಪರದೆ ತೆರೆದು
ಇದರ ಒಡೆಯರು ಯಾರೆಂದು ಕೇಳಿದರೆ
ಸಾಲುಸಾಲಿಗೂ ಒಂದೇ ಉತ್ತರ:
೧೦೦೩.

ಹೆಸರಿದ್ದ ಜಾಗದಲ್ಲಿ ಉಳಿದ ಅಂಕೆ.
ಲಿಲ್ಲಿ ಕ್ರಾಸ್ತಾ ಟೀಚರಿಗೆ
ನೀಲೇಶ್ವರಕ್ಕೆ ವರ್ಗವಾದ ದಿನ
ಅವರ ಖಾತೆ ಅಳಿಸಿದ್ದು ನಾನೇ,
ಪಟ್ಟಿ ನೋಡಿಕೊಂಡು, ಚಹಾ ಆರುವ ಮೊದಲು.
ಯಂತ್ರ ಮಾತ್ರ ಅವರ ನಂಬರು ಮರೆತಿಲ್ಲ;
ಅವರದನ್ನು ಇನ್ನೊಬ್ಬರಿಗೆ ಮುಟ್ಟಗೊಡುವುದೂ ಇಲ್ಲ.

ಒಂದು ಸಾಲಿನ ಆಜ್ಞೆ ಸಾಕು.
ಬೆರಳು ನನ್ನ ಹೆಸರನ್ನೇ ಹೊಡೆಯುತ್ತಿತ್ತು,
ಅರ್ಧ ಹೊಡೆದೂ ಆಗಿತ್ತು.
ಅಳಿಸಿ, ‘ಮಕ್ಕಳು’ ಎಂಬ ಗುಂಪಿಗೆ ಬರೆದೆ;
ಓದುವುದರ ಜೊತೆಗೆ ತಿದ್ದುವ ಹಕ್ಕನ್ನೂ ಕೊಟ್ಟೆ.

ತೆರೆಯಿತು.
ಹೋದ ವರ್ಷದವರು ಕೂಡಿಟ್ಟ ಮೀನಿನ ಹೆಸರುಗಳು:
ಕನ್ನಡಕ್ಕೊಂದು ಕಂಬ, ತುಳುವಿಗೊಂದು, ಬ್ಯಾರಿಗೊಂದು.
ಬೂತಾಯಿ, ಬಂಗುಡೆ, ಕಾಣೆ.
ಮೂರನೇ ಕಂಬದಲ್ಲಿ ನಡುನಡುವೆ ಖಾಲಿ ಚೌಕ,
ಪಕ್ಕದಲ್ಲಿ ಲಿಲ್ಲಿ ಟೀಚರ ಟಿಪ್ಪಣಿ:
‘ಯಾರಾದರೂ ಮನೆಯಲ್ಲಿ ಕೇಳಿ ಬನ್ನಿ.’

ಜುಲೇಖ ಕೇಳಲು ಹೋಗಲಿಲ್ಲ. ಕುರ್ಚಿ ಎಳೆದು
ಒಂದೊಂದೇ ಕೀಲಿ ಹುಡುಕುತ್ತ ತುಂಬಿದಳು.
‘ಇದು ನಿಲ್ತದಾ ಟೀಚರೇ,
ನಾಳೆಗೆ ಹೋಗ್ತದಾ?’

ಸೇವ್ ಒತ್ತಿ ನೋಡು, ಎಂದೆ.
ನನಗೂ ಗೊತ್ತಿರಲಿಲ್ಲ.